ಪಟಾಕಿ ಸಿಡಿದ ಮೇಲೆ ಕಿವಿಯ ಗುಂಯ್‌ ಬದಲಾಗಿದೆಯೇ? ಮೊದಲ ಗಂಟೆಯಿಂದ ಮುಂದಿನ ತಿಂಗಳುಗಳವರೆಗೆ ಮಾಡಬೇಕಾದದ್ದು

ಹಾಸನಾಂಬೆಯ ಬಾಗಿಲು ತೆರೆದು ದೀಪಾವಳಿ ಮುಗಿಯುವ ಹೊತ್ತಿಗೆ ಪ್ರತಿವರ್ಷ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಬರುತ್ತದೆ. "ಮೊದಲಿನಿಂದಲೂ ಕಿವಿಯಲ್ಲಿ ಸಣ್ಣಗೆ ಗುಂಯ್‌ ಅನ್ನುತ್ತಿತ್ತು. ಪಕ್ಕದಲ್ಲೇ ಆಟಂ ಬಾಂಬ್ ಸಿಡಿಯಿತು. ಈಗ ಸದ್ದು ಜೋರಾಗಿದೆ, ರಾಗವೇ ಬೇರೆ ಆಗಿದೆ. ಇದು ಇಳಿಯುತ್ತಾ, ಇಲ್ಲಾ ಹೀಗೇ ಉಳಿಯುತ್ತಾ?" ಸಕಲೇಶಪುರ, ಆಲೂರು, ಬೇಲೂರು ಕಡೆಯವರು ಇದನ್ನು ಕೇಳೋದಕ್ಕೆ ಹಬ್ಬವೂ ಬೇಕಿಲ್ಲ. ತೋಟಕ್ಕೆ ಆನೆ ನುಗ್ಗಿದರೆ ಗರ್ನಾಲು, ಮಂಗ ಬಂದರೆ ಕೋವಿ. ಕಿವಿಗೆ ಪೆಟ್ಟು ವರ್ಷವಿಡೀ ತಪ್ಪಿದ್ದಲ್ಲ.

ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಬಹಳಷ್ಟು ಜನರಿಗೆ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ, ಸದ್ದು ಹಳೆಯ ಮಟ್ಟಕ್ಕೆ ಇಳಿಯುತ್ತದೆ. ಆದರೆ ಎಲ್ಲರೂ ಗುಂಯ್‌ ಎಷ್ಟು ಜೋರಾಗಿದೆ ಅಂತಲೇ ಅಳೆಯುತ್ತಾ ಕೂರುತ್ತಾರೆ. ನೀವು ನೋಡಬೇಕಾದದ್ದು ಬೇರೆ: ಹೊರಗಿನ ಮಾತು, ಸದ್ದು ಮೊದಲಿಗಿಂತ ಕಮ್ಮಿ ಕೇಳುತ್ತಿದೆಯೇ? ಗುಂಯ್‌ಗೆ ಒಂದು ವಾರ ಕಾದರೆ ಏನೂ ಕೆಡುವುದಿಲ್ಲ. ಕೇಳುವುದೇ ಕಮ್ಮಿಯಾಗಿದ್ದರೆ ಅಷ್ಟು ಕಾಯುವ ಹಾಗಿಲ್ಲ.

ಒಳಗೆ ಏನಾಗಿರುತ್ತದೆ

ಒಳಕಿವಿಯಲ್ಲಿ ಸುರುಳಿ ಸುತ್ತಿಕೊಂಡ ಕಾಕ್ಲಿಯಾ ಎಂಬ ಪುಟ್ಟ ಅಂಗವಿದೆ. ಒಂದೊಂದು ಕಿವಿಯ ಕಾಕ್ಲಿಯಾದಲ್ಲೂ ಸುಮಾರು 15,000 ಕೂದಲು ಕೋಶಗಳಿರುತ್ತವೆ. ಸದ್ದಿನ ಅಲೆಗೆ ಬಾಗಿ, ನರಕ್ಕೆ ಸುದ್ದಿ ಮುಟ್ಟಿಸುವುದು ಇವುಗಳ ಕೆಲಸ. ಜೋರು ಸದ್ದು ಬಂದಾಗ ನಡುಗಿವಿಯ ಒಂದು ಪುಟ್ಟ ಸ್ನಾಯು ಬಿಗಿದುಕೊಂಡು ಸ್ವಲ್ಪ ತಡೆಯುತ್ತದೆ. ಪಟಾಕಿ, ಕೋವಿಯ ಮುಂದೆ ಇದರ ಆಟ ನಡೆಯುವುದಿಲ್ಲ. ಸ್ನಾಯು ಬಿಗಿಯುವಷ್ಟರಲ್ಲಿ ಹೊಡೆತ ಒಳಗೆ ಹೋಗಿ ಆಗಿರುತ್ತದೆ. ಆನೆ ಹಾದುಹೋದ ಗದ್ದೆಯಲ್ಲಿ ಬಾಗಿದ ಪೈರು ನಾಲ್ಕು ದಿನಕ್ಕೆ ಎದ್ದು ನಿಲ್ಲುತ್ತದೆ, ಮುರಿದದ್ದು ಏಳುವುದಿಲ್ಲ. ಕೂದಲು ಕೋಶಗಳೂ ಹಾಗೇ. ಮನುಷ್ಯರಲ್ಲಿ ಒಮ್ಮೆ ಸತ್ತ ಕೂದಲು ಕೋಶ ಮತ್ತೆ ಹುಟ್ಟುವುದಿಲ್ಲ.

ಕಿವಿಯಿಂದ ಬರುವ ಸುದ್ದಿ ಕಮ್ಮಿಯಾದಾಗ ಮಿದುಳು ತನ್ನ ಸೂಕ್ಷ್ಮತೆಯನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಹೊರಗೆ ಸದ್ದೇ ಇಲ್ಲದಿದ್ದರೂ ಗುಂಯ್‌, ಕೀ, ಜೀರುಂಡೆ, ಸಿಳ್ಳೆ ಅಂತ ಕೇಳಿಸತೊಡಗುತ್ತದೆ. ಡಾಕ್ಟರು ಇದನ್ನೇ ಟಿನಿಟಸ್ ಅನ್ನುತ್ತಾರೆ. ಮೊದಲೇ ಟಿನಿಟಸ್ ಇದ್ದವರಿಗೆ ಹೊಸ ಪೆಟ್ಟಿನ ಜೊತೆ ಭಯವೂ ಸೇರಿಕೊಂಡು ಸದ್ದು ಇನ್ನೂ ದೊಡ್ಡದಾಗುತ್ತದೆ. ಭಯ ಅಂದರೆ ಬರೀ ಕಲ್ಪನೆ ಎಂದು ಅರ್ಥ ಅಲ್ಲ. ಗಾಬರಿಯಾದ ಮಿದುಳು ಆ ಸದ್ದನ್ನೇ ಹುಡುಕಿ ಹುಡುಕಿ ಕೇಳುತ್ತದೆ.

ಹತ್ತಿರ ಇಟ್ಟುಕೊಳ್ಳಬೇಕಾದದ್ದು: ಒಂದು ನೋಟ್‌ಬುಕ್, ನೀವು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಿಂದೆ ಕಿವಿ ಪರೀಕ್ಷೆ ಮಾಡಿಸಿದ್ದರೆ ಅದರ ಹಾಳೆ. ಆ ಹಳೆಯ ಹಾಳೆಯನ್ನು ಹುಡುಕಿ ತೆಗೆಯಿರಿ. ಈಗ ಆಗಿರುವ ನಷ್ಟ ಹೊಸದೋ ಹಳೆಯದೋ ಎಂದು ಹೇಳೋದು ಅದೊಂದೇ.

1. ಮೊದಲ ಒಂದು ಗಂಟೆ

ಸದ್ದಿನಿಂದ ದೂರ ಹೋಗಿ. ಇದು ಸುಲಭದ ಮಾತು ಅನ್ನಿಸಬಹುದು, ಆದರೆ "ಒಂದು ಸರ ಉಳಿದಿದೆ, ಮುಗಿಸಿ ಬರ್ತೀನಿ" ಅನ್ನುವವರೇ ಜಾಸ್ತಿ. ಪೆಟ್ಟು ತಿಂದ ಕಿವಿಗೆ ಅದೇ ರಾತ್ರಿ ಇನ್ನೊಂದು ಹೊಡೆತ ಬೀಳಬಾರದು. ಕಿವಿಯ ಬಾಯಿಗೆ ಹತ್ತಿ ತಾಗಿಸಿ, ರಕ್ತ, ನೀರು ಬರುತ್ತಿದೆಯೇ ಎಂದು ಹೊರಗಿನಿಂದ ಮಾತ್ರ ನೋಡಿ. ತಲೆ ಸುತ್ತುತ್ತಿದ್ದರೆ ಬೈಕ್ ಹತ್ತಬೇಡಿ. ಮೂಗನ್ನು ಜೋರಾಗಿ ಸೀನಿ ಕಿವಿ "ಬಿಡಿಸಲು" ಹೋಗಬೇಡಿ.

ಎಚ್ಚರಿಕೆ: ಬೆಚ್ಚಗಿನ ಕೊಬ್ಬರಿ ಎಣ್ಣೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಮೆಡಿಕಲ್ ಶಾಪಿನ ಯಾವುದೋ ಡ್ರಾಪ್ಸ್, ಏನನ್ನೂ ಕಿವಿಯೊಳಗೆ ಹಾಕಬೇಡಿ. ಕಿವಿ ತಮಟೆ ಹರಿದಿದ್ದರೆ ಅದು ನೇರ ನಡುಗಿವಿಗೆ ಇಳಿಯುತ್ತದೆ. ತಮಟೆ ಹರಿದಿಲ್ಲದಿದ್ದರೂ ತೊಂದರೆ ಇರುವುದು ಒಳಕಿವಿಯಲ್ಲಿ, ಎಣ್ಣೆ ಅಲ್ಲಿಗೆ ತಲುಪುವುದೇ ಇಲ್ಲ. ಹತ್ತಿ ಸುತ್ತಿದ ಇಯರ್‌ಬಡ್ ಕಡ್ಡಿ ಕೂಡ ಬೇಡ. ಮನೆಯ ಹಿರಿಯರು ಒತ್ತಾಯ ಮಾಡುತ್ತಾರೆ, ಅಲ್ವಾ? "ಡಾಕ್ಟರು ನೋಡಿದ ಮೇಲೆ ಬಿಡೋಣ" ಎಂದುಬಿಡಿ, ಜಗಳ ಬೇಡ.

2. ಅದೇ ರಾತ್ರಿ ಮನೆಯಲ್ಲಿ ಮಾಡುವ ಪರೀಕ್ಷೆ

ಟಿವಿ, ಫ್ಯಾನ್ ಆರಿಸಿ. ಹೆಬ್ಬೆರಳು ಮತ್ತು ತೋರುಬೆರಳನ್ನು ಒಂದು ಕಿವಿಯ ಪಕ್ಕ ಹಿಡಿದು ಮೆಲ್ಲಗೆ ಉಜ್ಜಿ. ಆಮೇಲೆ ಇನ್ನೊಂದು ಕಡೆ. ಎರಡೂ ಕಡೆ ಒಂದೇ ಥರ ಕೇಳಬೇಕು. ಅದಾದ ಮೇಲೆ ಫೋನಿನಲ್ಲಿ ಯಾರಿಗಾದರೂ ಕರೆ ಮಾಡಿ, ವಾಲ್ಯೂಮ್ ಮುಟ್ಟದೆ ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾಯಿಸಿ. ಒಂದು ಕಡೆ ಮಾತು ಸ್ಪಷ್ಟ, ಇನ್ನೊಂದು ಕಡೆ ಡಬ್ಬಿಯೊಳಗಿಂದ ಬಂದ ಹಾಗಿದ್ದರೆ ಬರೆದಿಟ್ಟುಕೊಳ್ಳಿ.

ಈಗ ಗುನುಗುವ ಪರೀಕ್ಷೆ. ಬಾಯಿ ಮುಚ್ಚಿ "ಮ್ಮ್‌" ಎಂದು ಗುನುಗಿ. ಆ ಸದ್ದು ತಲೆಯ ಮಧ್ಯದಲ್ಲಿ ಕೇಳುತ್ತದೆಯೋ, ಒಂದು ಪಕ್ಕಕ್ಕೆ ವಾಲುತ್ತದೆಯೋ ಗಮನಿಸಿ. ಮಂದವಾದ ಕಿವಿಯ ಕಡೆಗೇ ವಾಲಿದರೆ ತೊಂದರೆ ಸಾಮಾನ್ಯವಾಗಿ ಹೊರಗಿವಿ ಅಥವಾ ನಡುಗಿವಿಯದು: ಗುಗ್ಗೆ ಒಳಗೆ ಸರಿದಿರಬಹುದು, ತಮಟೆ ಹರಿದಿರಬಹುದು. ಚೆನ್ನಾಗಿರುವ ಕಿವಿಯ ಕಡೆಗೆ ವಾಲಿದರೆ ಮಂದವಾದ ಕಡೆ ಒಳಕಿವಿಗೆ ಪೆಟ್ಟಾಗಿರುವ ಅನುಮಾನ. ಡಾಕ್ಟರು ಹಣೆಯ ಮೇಲೆ ಶ್ರುತಿಕವಲು, ಅಂದರೆ ಬಡಿದರೆ ಒಂದೇ ಶ್ರುತಿಯಲ್ಲಿ ನುಡಿಯುವ ಲೋಹದ ಕವಲು, ಇಟ್ಟು ನೋಡುವುದೂ ಇದನ್ನೇ. ಎರಡೂ ಕಿವಿಗೆ ಸಮನಾಗಿ ಪೆಟ್ಟಾಗಿದ್ದರೆ ಮಾತ್ರ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ "ಗುನುಗಿದೆ, ಮಧ್ಯದಲ್ಲೇ ಇದೆ, ನಾನು ಪಾಸು" ಅಂದುಕೊಳ್ಳಬೇಡಿ.

ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು: ಸದ್ದು ಯಾವುದರದ್ದು, ಎಷ್ಟು ದೂರದಲ್ಲಿ, ಯಾವ ಕಿವಿಯ ಕಡೆ, ಎಷ್ಟು ಹೊತ್ತಿಗೆ. ಹಳೆಯ ಗುಂಯ್‌ ಹೇಗಿತ್ತು, ಈಗ ಹೇಗಿದೆ. ಡಾಕ್ಟರ ಮುಂದೆ ಕೂತಾಗ ಇದೆಲ್ಲ ನೆನಪಿಗೆ ಬರುವುದಿಲ್ಲ.

3. ಯಾರು ಯಾವಾಗ ಹೋಗಬೇಕು

ಅದೇ ದಿನ, ರಾತ್ರಿಯಾದರೂ ಸರಿ: ಕಿವಿಯಿಂದ ರಕ್ತ ಅಥವಾ ನೀರು ಬಂದರೆ, ಕೋಣೆಯೇ ತಿರುಗುವ ಹಾಗೆ ತಲೆ ಸುತ್ತಿದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಒಂದು ಕಿವಿ ಪೂರ್ತಿ ಕೇಳದಾದರೆ.

ಮರುದಿನ ಬೆಳಗ್ಗೆ: ಒಂದು ಕಿವಿಯಲ್ಲಾಗಲಿ ಎರಡರಲ್ಲಾಗಲಿ ಕೇಳುವುದು ಕಮ್ಮಿಯಾಗಿ, ನಿದ್ದೆ ಮಾಡಿ ಎದ್ದ ಮೇಲೂ ಸುಧಾರಿಸದಿದ್ದರೆ. ಇದರಲ್ಲಿ ಉದಾಸೀನ ಬೇಡ. ಒಳಕಿವಿಯ ಹಠಾತ್ ನಷ್ಟಕ್ಕೆ ಡಾಕ್ಟರು ಕೊಡುವ ಸ್ಟೀರಾಯ್ಡ್ ಮಾತ್ರೆ, ಅಂದರೆ ಊತ ಇಳಿಸುವ ಔಷಧಿ, ಮೊದಲ ಕೆಲವು ದಿನಗಳಲ್ಲಿ ಶುರುವಾದರೆ ಒಳ್ಳೆಯದು. ಎರಡು ವಾರ ದಾಟಿದರೆ ಉಪಯೋಗ ಬಹಳ ಕಮ್ಮಿ. ಪಟಾಕಿ ಪೆಟ್ಟಿಗೆ ಇದರ ಲಾಭ ಎಲ್ಲರಿಗೂ ಖಚಿತವಿಲ್ಲ. ಕೊಡಬೇಕೋ ಬೇಡವೋ ಎಂದು ಪರೀಕ್ಷೆಯ ಹಾಳೆ ನೋಡಿ ಡಾಕ್ಟರೇ ತೀರ್ಮಾನಿಸಬೇಕು. ಆ ತೀರ್ಮಾನಕ್ಕೆ ಅವರಿಗೆ ಸಮಯ ಸಿಗುವ ಹಾಗೆ ಹೋಗುವುದು ನಿಮ್ಮ ಕೆಲಸ.

ಕಾಯಬಹುದು: ಕೇಳುವುದು ಚೆನ್ನಾಗಿದೆ, ಗುಂಯ್‌ ಮಾತ್ರ ಜಾಸ್ತಿಯಾಗಿದೆ, ದಿನದಿಂದ ದಿನಕ್ಕೆ ಇಳಿಯುತ್ತಿದೆ. ಒಂದು ವಾರದಲ್ಲಿ ಇಳಿಯುವ ಲಕ್ಷಣವೇ ಕಾಣದಿದ್ದರೆ ತೋರಿಸಿ.

ನಾಡಿ ಬಡಿತಕ್ಕೆ ಸರಿಯಾಗಿ "ಧಕ್ ಧಕ್" ಅನ್ನುವ ಸದ್ದು ಬೇರೆಯೇ ಜಾತಿ. ಅದಕ್ಕೂ ಪಟಾಕಿಗೂ ಸಂಬಂಧ ಇಲ್ಲದೇ ಇರಬಹುದು, ರಕ್ತನಾಳ ನೋಡಬೇಕಾಗುತ್ತದೆ. ಡಾಕ್ಟರಿಗೆ ಅದನ್ನು ಬಿಡಿಸಿ ಹೇಳಿ.

4. ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಹಾಸನದಲ್ಲಿ ಹಿಮ್ಸ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗ, ಚಿಕ್ಕಮಗಳೂರಿನಲ್ಲಿ ಜಿಲ್ಲಾ ಆಸ್ಪತ್ರೆ. ಸಕಲೇಶಪುರದವರು ಕ್ರಾಫರ್ಡ್ ಆಸ್ಪತ್ರೆಯಲ್ಲಿ, ಮೂಡಿಗೆರೆ, ಬೇಲೂರಿನವರು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಬಹುದು. ಆದರೆ ಹೊರಡುವ ಮುಂಚೆ ಒಂದು ಮಾತು ವಿಚಾರಿಸಿ: "ಇವತ್ತು ಆಡಿಯೋಗ್ರಾಂ ಮಾಡುತ್ತಾರಾ?" ಇಲ್ಲ ಅಂದರೆ ನೇರ ಜಿಲ್ಲಾ ಕೇಂದ್ರಕ್ಕೇ ಹೋಗಿ. ಬರೀ ಟಾರ್ಚ್ ಹಾಕಿ ನೋಡಿ "ಕಿವಿ ಕ್ಲೀನ್ ಇದೆ" ಅಂದರೆ ಒಳಕಿವಿಯ ವಿಷಯ ಗೊತ್ತಾಗುವುದಿಲ್ಲ.

ಆಡಿಯೋಗ್ರಾಂ ಅಂದರೆ ಸದ್ದು ಒಳಬರದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಒಂದೊಂದು ಶ್ರುತಿಯಲ್ಲೂ ನಿಮಗೆ ಕೇಳುವ ಅತಿ ಸಣ್ಣ ಸದ್ದು ಯಾವುದು ಎಂದು ಗುರುತು ಹಾಕುವ ನಕ್ಷೆ. ಓದುವುದು ಕಷ್ಟವಲ್ಲ. ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು (X) ಗುರುತು ಎಡಗಿವಿ. ಗೆರೆ ಕೆಳಗೆ ಇಳಿದಷ್ಟೂ ಕೇಳುವುದು ಕಮ್ಮಿ. ದೊಡ್ಡವರಲ್ಲಿ 25 ಡೆಸಿಬೆಲ್ ಒಳಗೆ ಇದ್ದರೆ ಸಾಮಾನ್ಯ ಎಂದು ಬರೆಯುತ್ತಾರೆ. ಡೆಸಿಬೆಲ್ ಅಂದರೆ ಸದ್ದಿನ ಜೋರನ್ನು ಅಳೆಯುವ ಲೆಕ್ಕ, ಹರ್ಟ್ಸ್ ಅಂದರೆ ಶ್ರುತಿಯ ಎತ್ತರವನ್ನು ಅಳೆಯುವ ಲೆಕ್ಕ. ಸದ್ದಿನ ಪೆಟ್ಟು ತಿಂದ ಕಿವಿಯ ನಕ್ಷೆಯಲ್ಲಿ ಗೆರೆ 4000 ಹರ್ಟ್ಸ್ ಆಸುಪಾಸಿನಲ್ಲಿ ಹಳ್ಳಕ್ಕೆ ಬಿದ್ದು, 8000ದ ಹತ್ತಿರ ಮತ್ತೆ ಏಳುವುದುಂಟು. ಆ ಹಳ್ಳ ಕಂಡರೆ ಅದು ಹಳೆಯದೋ ಹೊಸದೋ ಎಂದು ಕೇಳಿ. ಇಪ್ಪತ್ತು ವರ್ಷ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಗರಗಸದ ಜೊತೆ ಕೆಲಸ ಮಾಡಿದವರ ಕಿವಿಯಲ್ಲಿ ಅದು ಹಿಂದಿನಿಂದಲೂ ಇದ್ದಿರಬಹುದು.

ನಕ್ಷೆ ಪೂರ್ತಿ ಸಾಮಾನ್ಯ ಬಂದರೂ ಗುಂಯ್‌ ಜಾಸ್ತಿಯಾಗಿರುವುದು ಸುಳ್ಳಲ್ಲ. ಸಾಮಾನ್ಯ ಪರೀಕ್ಷೆ 8000 ಹರ್ಟ್ಸ್‌ಗೆ ನಿಲ್ಲುತ್ತದೆ, ಅದರಾಚೆಯ ಶ್ರುತಿಗಳನ್ನು ಅಳೆಯುವುದೇ ಇಲ್ಲ. ಕೂದಲು ಕೋಶಕ್ಕೂ ನರಕ್ಕೂ ನಡುವಿನ ಕೊಂಡಿಗೆ ಆಗುವ ಹಾನಿಯೂ ಈ ನಕ್ಷೆಯಲ್ಲಿ ಕಾಣದೇ ಇರಬಹುದು. "ಎಲ್ಲ ನಾರ್ಮಲ್, ಸುಮ್ನೆ ತಲೆ ಕೆಡಿಸ್ಕೋಬೇಡಿ" ಎಂದು ಕೇಳಿಸಿಕೊಂಡು ಬೇಜಾರಾದವರಿಗೆ ಈ ಮಾತು.

ಹಾಳೆಯ ಒಂದು ಪ್ರತಿ ಮನೆಗೆ ತನ್ನಿ. ಎರಡನೇ ಪರೀಕ್ಷೆ ಯಾವಾಗ ಎಂದು ಕೇಳಿ ದಿನ ಗೊತ್ತು ಮಾಡಿಕೊಳ್ಳಿ. ಒಂದೇ ಪರೀಕ್ಷೆಯಿಂದ ಕಿವಿ ಚೇತರಿಸಿಕೊಳ್ಳುತ್ತಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಇಲ್ಲಿ ಎಡವುವ ಜಾಗಗಳು ಹಲವು. ಸ್ಟೀರಾಯ್ಡ್ ಬರೆದುಕೊಟ್ಟರೆ ಸಕ್ಕರೆ ಕಾಯಿಲೆ, ಬಿಪಿ, ಹೊಟ್ಟೆಯ ಹುಣ್ಣು ಇರುವುದನ್ನು ಮೊದಲೇ ಹೇಳಿ, ಮಾತ್ರೆಯನ್ನು ಅರ್ಧಕ್ಕೆ ನೀವಾಗಿಯೇ ನಿಲ್ಲಿಸಬೇಡಿ. ಪಕ್ಕದ ಮನೆಯವರ ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ಕೊಳ್ಳುವುದಂತೂ ಬೇಡವೇ ಬೇಡ. ತಮಟೆ ಹರಿದಿದ್ದರೆ ಗಾಬರಿ ಬೇಡ, ಸಣ್ಣ ತೂತುಗಳು ಬಹುಪಾಲು ಕೆಲವು ವಾರಗಳಲ್ಲಿ ತಾವೇ ಮುಚ್ಚಿಕೊಳ್ಳುತ್ತವೆ. ಅಲ್ಲಿಯವರೆಗೆ ಕಿವಿಗೆ ನೀರು ತಾಗಬಾರದು. ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿ ಇಟ್ಟುಕೊಳ್ಳಿ. ಕೆರೆ, ಹೊಳೆಯ ಈಜು ಬಂದ್. ಇನ್ನೊಂದು: ಉಚಿತ ಪರೀಕ್ಷೆ ಎಂದು ಕರೆದು ಮೊದಲ ವಾರವೇ ಶ್ರವಣ ಸಾಧನ ಮಾರಲು ಬಂದರೆ ಎದ್ದು ಬನ್ನಿ. ಕಿವಿ ಇನ್ನೂ ಚೇತರಿಸಿಕೊಳ್ಳುವ ಹಾದಿಯಲ್ಲಿರುತ್ತದೆ, ಆಗ ಅಳತೆ ತೆಗೆಯುವುದರಲ್ಲಿ ಅರ್ಥವಿಲ್ಲ.

ಒಂದೇ ಕಿವಿಯ ಗುಂಯ್‌ ಉಳಿದುಕೊಂಡರೆ ಎಂಆರ್‌ಐ ಮಾಡಿಸಲು ಹೇಳಬಹುದು. ಆ ಯಂತ್ರ ಒಳಗೆ ಭಾರೀ ಸದ್ದು ಮಾಡುತ್ತದೆ. ಇಯರ್‌ಪ್ಲಗ್ ಮತ್ತು ಹೆಡ್‌ಫೋನ್ ಎರಡನ್ನೂ ಕೇಳಿ ಹಾಕಿಸಿಕೊಳ್ಳಿ.

5. ಮೊದಲ ಎರಡು ವಾರ

ಕಿವಿಗೆ ವಿಶ್ರಾಂತಿ ಅಂದರೆ ನಿಶ್ಶಬ್ದ ಎಂದು ತಿಳಿದುಕೊಂಡು ಹಗಲೆಲ್ಲ ಹತ್ತಿ, ಪ್ಲಗ್ ಇಟ್ಟುಕೊಂಡು ಮನೆಯಲ್ಲಿ ಕೂರುವವರಿದ್ದಾರೆ. ನಾನು ಕಂಡ ಮಟ್ಟಿಗೆ ಜನ ತಮಗೆ ತಾವೇ ಮಾಡಿಕೊಳ್ಳುವ ದೊಡ್ಡ ಅನ್ಯಾಯ ಇದು. ಹೊರಗಿನ ಸದ್ದು ಪೂರ್ತಿ ನಿಂತರೆ ಮಿದುಳು ಇನ್ನಷ್ಟು ಕಿವಿಗೊಡುತ್ತದೆ, ಗುಂಯ್‌ ಜಾಸ್ತಿ ಕೇಳುತ್ತದೆ. ಕೆಲವರಿಗೆ ಆಮೇಲೆ ತಟ್ಟೆ ಲೋಟದ ಸದ್ದೂ ಚುಚ್ಚತೊಡಗುತ್ತದೆ. ಮಾಮೂಲಿ ಸದ್ದೂ ಸಹಿಸಲಾಗದ ಈ ಸ್ಥಿತಿಗೆ ಹೈಪರಕ್ಯೂಸಿಸ್ ಎಂದು ಹೆಸರು. ಜೋರು ಸದ್ದಿನಿಂದ ದೂರ ಇರಿ, ಮನೆಯ ಮಾಮೂಲಿ ಸದ್ದಿನ ನಡುವೆ ಇರಿ.

ಮಲೆನಾಡಿನವರು ಒಂದು ವಿಷಯ ಗಮನಿಸಿರಬಹುದು. ಜೂನ್‌ನಿಂದ ಹೆಂಚಿನ ಮೇಲೆ, ಶೀಟಿನ ಮೇಲೆ ಮಳೆ ಹೊಯ್ಯುವಾಗ ಗುಂಯ್‌ ಕೇಳಿಸುವುದೇ ಇಲ್ಲ. ದೀಪಾವಳಿ ಬರುವುದು ಮಳೆ ಬಿಟ್ಟು ರಾತ್ರಿಗಳು ನಿಶ್ಶಬ್ದವಾಗುವ ಹೊತ್ತಿಗೆ. ಪಟಾಕಿಯ ಪೆಟ್ಟು ಒಂದು ಪಾಲಾದರೆ, ಮಳೆಯ ಮುಸುಕು ಸರಿದದ್ದೂ ಇನ್ನೊಂದು ಪಾಲು ಇರಬಹುದು. ಅದೇ ಮಳೆಯ ಸದ್ದನ್ನು ಮಲಗುವಾಗ ಫೋನಿನಲ್ಲಿ ಹಚ್ಚಿ, ಹೆಡ್‌ಫೋನ್ ಹಾಕದೆ, ಮಂಚದಿಂದ ಸ್ವಲ್ಪ ದೂರ ಇಡಿ. ಫ್ಯಾನ್ ಆದರೂ ಸರಿ. ಗುಂಯ್‌ ಮುಚ್ಚಿಹೋಗುವಷ್ಟು ಜೋರು ಮಾಡಬೇಡಿ. ಎರಡೂ ಒಟ್ಟಿಗೆ ಕೇಳುವಷ್ಟು, ಗುಂಯ್‌ಗಿಂತ ಒಂದು ಗುಲಗಂಜಿ ಕಮ್ಮಿ ಇರಲಿ. ಪೂರ್ತಿ ಮುಚ್ಚಿಟ್ಟರೆ ಅದಕ್ಕೆ ಹೊಂದಿಕೊಳ್ಳುವ ಅವಕಾಶ ಮಿದುಳಿಗೆ ಸಿಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಲ, ಒಂದೇ ಹೊತ್ತಿಗೆ, ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ ಹಾಕಿ ಮುಚ್ಚಿಡಿ. ಗಂಟೆಗೊಮ್ಮೆ ಕಿವಿ ಮುಚ್ಚಿ "ಇದೆಯಾ, ಹೋಯ್ತಾ" ಎಂದು ಪರೀಕ್ಷಿಸಿದರೆ ಅದು ಎಲ್ಲಿಗೂ ಹೋಗುವುದಿಲ್ಲ.

ಕಾಫಿ ಬಿಡಬೇಕಾ? ಚಿಕ್ಕಮಗಳೂರಿನಲ್ಲಿ ಕೂತು ಈ ಪ್ರಶ್ನೆ ಕೇಳುವವರ ಕಷ್ಟ ನನಗೆ ಅರ್ಥವಾಗುತ್ತದೆ. ಕಾಫಿಯಿಂದ ಟಿನಿಟಸ್ ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ದಿಢೀರ್ ಬಿಟ್ಟರೆ ತಲೆನೋವು, ಸಿಡುಕು ಬಂದು ಗುಂಯ್‌ ಇನ್ನೂ ಕಾಡಬಹುದು. ಸಂಜೆಯ ಮೇಲೆ ಕುಡಿಯಬೇಡಿ, ನಿದ್ದೆ ಕೆಡುತ್ತದೆ. ಅಷ್ಟು ಸಾಕು.

ಮಾತ್ರೆಗಳಲ್ಲಿ ಆಸ್ಪಿರಿನ್ ಜಾಸ್ತಿ ಪ್ರಮಾಣದಲ್ಲಿ, ಕ್ವಿನೈನ್, ಜೆಂಟಾಮೈಸಿನ್‌ನಂಥ ಕೆಲವು ಇಂಜೆಕ್ಷನ್‌ಗಳು ಗುಂಯ್‌ ತರಬಲ್ಲವು. ಹೃದಯಕ್ಕೆ ಡಾಕ್ಟರು ಬರೆದ ಸಣ್ಣ ಆಸ್ಪಿರಿನ್ ಮಾತ್ರೆಯನ್ನು ಇದನ್ನು ಓದಿ ನಿಲ್ಲಿಸಬೇಡಿ, ಮೊದಲು ಅವರನ್ನೇ ಕೇಳಿ. ಇನ್ನು ಗಿಂಕೋ ಎಂಬ ಮರದ ಎಲೆಯ ಸಾರ, ಜಿಂಕ್, "ನರದ ಶಕ್ತಿ" ಮಾತ್ರೆಗಳು: ಟಿನಿಟಸ್‌ಗೆ ಇವು ಕೆಲಸ ಮಾಡುತ್ತವೆ ಎಂದು ಸಾಬೀತಾಗಿಲ್ಲ. ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಸಂಘ 2014ರ ಮಾರ್ಗಸೂಚಿಯಲ್ಲೇ ಗಿಂಕೋ, ಜಿಂಕ್ ಬೇಡ ಎಂದಿದೆ.

6. ಸದ್ದು "ಬದಲಾಗಿದೆ" ಅಂದರೆ ಏನರ್ಥ

ಹಳೆಯ ಗುಂಯ್‌ ಅದೇ ರಾಗದಲ್ಲಿ ಜೋರಾಗಿ, ದಿನ ಕಳೆದಂತೆ ಇಳಿದರೆ ಅದು ತಾತ್ಕಾಲಿಕ ಏರಿಕೆ. ನಿದ್ದೆಗೆಟ್ಟಾಗ, ನೆಗಡಿಯಾದಾಗಲೂ ಹೀಗೆ ಏರಿ ಇಳಿಯುತ್ತದೆ. ಹಳೆಯದರ ಜೊತೆ ಎರಡನೇ ರಾಗ ಸೇರಿಕೊಂಡರೆ, ಇಲ್ಲದ ಕಿವಿಯಲ್ಲಿ ಹೊಸದಾಗಿ ಶುರುವಾದರೆ, ಕಿವಿ ತುಂಬಿಕೊಂಡ ಹಾಗೆ ಅನ್ನಿಸಿದರೆ ಹೊಸ ಪೆಟ್ಟು ಎಂದೇ ತಿಳಿದು ಆಡಿಯೋಗ್ರಾಂ ಮಾಡಿಸಿ. ಎಲ್ಲೋ ಕೂತಾಗ ಒಂದು ಕಿವಿಯಲ್ಲಿ "ಕೀ" ಎಂದು ಶುರುವಾಗಿ ಕೆಲವೇ ಸೆಕೆಂಡಿನಲ್ಲಿ ಮಾಯವಾಗುವುದು ಎಲ್ಲರಿಗೂ ಆಗುವಂಥದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇಳಿಯುವುದೂ ಒಂದೇ ಸಮ ಇಳಿಯುವುದಿಲ್ಲ. ಮೂರು ದಿನ ಚೆನ್ನಾಗಿದ್ದು ನಾಲ್ಕನೇ ದಿನ ಏರುತ್ತದೆ. ಅದಕ್ಕೇ ಒಂದು ದಿನದ ಅಂಕ ನೋಡದೆ ವಾರಕ್ಕೆ ವಾರ ಹೋಲಿಸಿ ನೋಡಿ.

7. ತಿಂಗಳುಗಳಾದರೂ ಉಳಿದರೆ

ಮೂರು ತಿಂಗಳಾದರೂ ಗುಂಯ್‌ ನಿದ್ದೆ, ಕೆಲಸ ಕೆಡಿಸುತ್ತಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ ಬನ್ನಿ. ಜನ ಐಶ್ ಅನ್ನುತ್ತಾರೆ. ಕಿವಿ ಮತ್ತು ಮಾತಿನ ಸಮಸ್ಯೆಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ಹಳೆಯ ಹಾಳೆಗಳನ್ನೆಲ್ಲ ಜೊತೆಗೆ ಒಯ್ಯಿರಿ. ತೊಂದರೆ ಎಷ್ಟಿದೆ ಎಂದು ಅಳೆಯಲು 25 ಪ್ರಶ್ನೆಗಳ ಒಂದು ಪಟ್ಟಿ ಬಳಕೆಯಲ್ಲಿದೆ. ನೂರಕ್ಕೆ ಇಷ್ಟು ಎಂದು ಅಂಕ ಬರುತ್ತದೆ. ಸದ್ದಿನ ಜೋರಿಗಿಂತ ಅದು ನಿಮ್ಮ ದಿನವನ್ನು ಎಷ್ಟು ಕೆಡಿಸುತ್ತಿದೆ ಅನ್ನುವುದನ್ನು ಈ ಪಟ್ಟಿ ಕೇಳುತ್ತದೆ. ಕೇಳುವುದು ನಿಜವಾಗಿಯೂ ಕಮ್ಮಿಯಾಗಿ ಉಳಿದಿದ್ದರೆ ಶ್ರವಣ ಸಾಧನಕ್ಕೆ ಈಗ ಸರಿಯಾದ ಸಮಯ. ಹೊರಗಿನ ಸದ್ದು ಸಿಕ್ಕರೆ ಬಹಳ ಜನರಿಗೆ ಗುಂಯ್‌ ಹಿಂದೆ ಸರಿಯುತ್ತದೆ. ಸಂಕಟ ಕಮ್ಮಿ ಮಾಡುವುದರಲ್ಲಿ ಗಟ್ಟಿ ಆಧಾರ ಇರುವುದು ಸಿಬಿಟಿ ಎಂಬ ಆಪ್ತಸಮಾಲೋಚನೆಗೆ. ಸದ್ದಿನ ಬಗ್ಗೆ ಬರುವ ಯೋಚನೆಗಳನ್ನು ಹಿಡಿದು ಬದಲಾಯಿಸುವ ಕ್ರಮ ಅದು. ಹುಚ್ಚಿಗೆ ಕೊಡುವ ಚಿಕಿತ್ಸೆ ಅಂತ ಯಾರಾದರೂ ನಕ್ಕರೆ ನಗಲಿ.

ನಿದ್ದೆಯೇ ಬರದೆ "ಇದಕ್ಕಿಂತ ಸಾಯೋದೇ ವಾಸಿ" ಅನ್ನಿಸಿದರೆ ಮೂರು ತಿಂಗಳ ಲೆಕ್ಕ ಹಿಡಿಯಬೇಡಿ. ಮನೆಯವರಿಗೆ ಆಗಲೇ ಹೇಳಿ, 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

8. ಮುಂದಿನ ಸಲಕ್ಕೆ

ನಮ್ಮ ದೇಶದ ನಿಯಮದ ಪ್ರಕಾರ ಪಟಾಕಿಯ ಸದ್ದು ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ದಾಟಬಾರದು. ಕ್ಷಣದ ಗರಿಷ್ಠ ಲೆಕ್ಕದಲ್ಲಿ 145. ಅಂದರೆ ನಿಯಮ ಪಾಲಿಸಿದ ಪಟಾಕಿಯೂ ಕಿವಿಗೆ ಸೌಮ್ಯವಲ್ಲ, ಅದರಲ್ಲೂ ನೀವು ನಿಂತಿರುವುದು ಒಂದು ಮೀಟರ್ ದೂರದಲ್ಲಾದರೆ. ಬಯಲಲ್ಲಿ ದೂರ ಎರಡರಷ್ಟಾದಾಗ ಸುಮಾರು 6 ಡೆಸಿಬೆಲ್ ಕಮ್ಮಿಯಾಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿಯುವುದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಎರಡೂ ಕಡೆ ಗೋಡೆ ಇರುವ ಓಣಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ.

ಕೋವಿಯ ಹೊಡೆತ 140 ಡೆಸಿಬೆಲ್ ದಾಟುತ್ತದೆ. ಬಲಭುಜಕ್ಕೆ ಇಟ್ಟು ಹೊಡೆಯುವವರ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರ ಇರುವುದರಿಂದ ಮೊದಲು ಹಾಳಾಗುವುದು ಅದೇ. ಕೋವಿ ಹಿಡಿಯುವವರು ಫೋಮ್ ಪ್ಲಗ್, ಅಂದರೆ ಕಿವಿಯೊಳಗೆ ಕೂರುವ ಮೆತ್ತನೆಯ ಬಿರಡೆ, ಹಾಕಿ, ಅದರ ಮೇಲೆ ಹೆಡ್‌ಫೋನ್ ಹಾಗೆ ಕಿವಿ ಮುಚ್ಚುವ ಇಯರ್‌ಮಫ್ ಕೂಡ ಇರಲಿ. ಆನೆಯ ಹಿಂದೆ ಹೋದಾಗ ಎರಡೂ ಕಿವಿ ಮುಚ್ಚಿಕೊಂಡರೆ ಕೊಂಬೆ ಮುರಿಯುವ ಸದ್ದೂ ಕೇಳುವುದಿಲ್ಲ, ಅದಕ್ಕೆ ಗರ್ನಾಲು ಹಚ್ಚುವವನು ಕೂಗಿ ಹೇಳಿದ ಮೇಲೆ ಕಿವಿಗೆ ಒತ್ತಿಕೊಳ್ಳುವ ಹಾಗೆ ಮಫ್ ಅನ್ನು ಕುತ್ತಿಗೆಯಲ್ಲಿ ಇಟ್ಟುಕೊಳ್ಳುವುದು ವಾಸಿ.

ಬರೀ ಹತ್ತಿ ತುರುಕಿದರೆ ಪ್ರಯೋಜನ ಬಹಳ ಕಮ್ಮಿ. ಫೋಮ್ ಪ್ಲಗ್ಗನ್ನೂ ಬಹಳ ಜನ ಸರಿಯಾಗಿ ಹಾಕುವುದಿಲ್ಲ. ಒಣಗಿದ ಕೈಯಲ್ಲಿ ಅದನ್ನು ಬೀಡಿಯಷ್ಟು ಸಣ್ಣಗೆ ಹೊಸೆಯಿರಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಪ್ಲಗ್ಗನ್ನು ಒಳಗೆ ಸರಿಸಿ, ಅದು ಉಬ್ಬಿಕೊಳ್ಳುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ. ಎದುರಿಗಿದ್ದವರಿಗೆ ಪ್ಲಗ್ ಅರ್ಧ ಹೊರಗೆ ಕಾಣುತ್ತಿದ್ದರೆ ತೆಗೆದು ಮತ್ತೆ ಹೊಸೆದು ಹಾಕಿ. ಮಕ್ಕಳ ಕಿವಿಯ ದಾರಿ ಸಣ್ಣದು, ಇದು ಕೂರುವುದಿಲ್ಲ. ಅವರಿಗೆ ಮಕ್ಕಳ ಅಳತೆಯ ಇಯರ್‌ಮಫ್ಫೇ ಬೇಕು. ಅದು ಸಿಗದಿದ್ದರೆ ಕಿಟಕಿ ಮುಚ್ಚಿ, ಗಾಜಿನ ಹಿಂದೆ ನಿಲ್ಲಿಸಿ ಪಟಾಕಿ ತೋರಿಸಿ.